ಮೊದಲ ಗುಳಿಗೆ ಕೊಡುವವರದು

ಹೋದ ಸೋಮವಾರ ಚಾಚಾರ ಮಗಳು ಖಾನಾಪುರದಿಂದ ಬಸ್ಸಿನಲ್ಲಿ ಬಂದು, ಬೆಳಗಾವಿಯ ರಾಮತೀರ್ಥ ನಗರದ ನನ್ನ ಔಷಧಿ ಅಂಗಡಿಯ ಮೇಜಿನ ಮೇಲೆ ಒಂದು ಬಿಳಿ ಡಬ್ಬಿ ಇಟ್ಟಳು. “ಮುಂದಿನ ಖೋಲಿ ಖಾಲಿ ಮಾಡಾಕತ್ತೇವ್ರಿ ಅಕ್ಕಾರ. ಇದು ನಿಮ್ಮದು” ಅಂದಳು. ಚಹಾ ಕುಡಿದು ಹೋಗು ಎಂದು ಎಷ್ಟು ಹೇಳಿದರೂ ಕೂಡಲಿಲ್ಲ. ಅವಳ ಬಸ್ಸಿಗೆ ಇನ್ನೂ ಒಂದು ತಾಸಿತ್ತು, ಅದು ನನಗೂ ಗೊತ್ತಿತ್ತು.

ಅವಳು ಹೋದ ಮೇಲೆ ಮುಚ್ಚಳ ತಿರುವಿದೆ. ಗಪ್ಪನೆ ಮೂಗಿಗೆ ಬಡಿಯಿತು ಆ ವಾಸನೆ... ಕೀಲಿಕೈಗಳ ಗೊಂಚಲನ್ನು ಬೆವೆತ ಕೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡರೆ ಅಂಗೈಗೆ ಹತ್ತುತ್ತದಲ್ಲ, ಅಂಥದ್ದು. ತಳದಲ್ಲಿ ಹನ್ನೊಂದು ಗುಳಿಗೆ ಉಳಿದಿದ್ದವು. ಇಪ್ಪತ್ತೆರಡು ವರ್ಷ ಔಷಧಿ ಮಾರಿ ನನ್ನ ಮೂಗು ಸತ್ತೇ ಹೋಗಿದೆ ಎಂದುಕೊಂಡಿದ್ದೆ. ಈ ಒಂದು ವಾಸನೆಗೆ ಮಾತ್ರ ಅದಕ್ಕೆ ಜೀವ ಬಂತು.

ಚಾಚಾ ಎಂದು ಕರೆಯುತ್ತಿದ್ದೆನೇ ಹೊರತು ಅವರು ನಮಗೆ ಸಂಬಂಧಿಕರಲ್ಲ. ನಾವು ಲಿಂಗಾಯತರು, ಅವರು ಮುಸಲ್ಮಾನರು, ಖಾನಾಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಎಲುಬು ಕಟ್ಟುವವರು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವರಿಗೆ ಬಂದ ವಿದ್ಯೆ. ಹೆಂಚಿನ ಕಾರ್ಖಾನೆಯಲ್ಲಿ ಕಾಲ ಮೇಲೆ ಹೆಂಚು ಬಿದ್ದವರು, ಎಮ್ಮೆ ಹಾಯ್ದವರು, ಮಳೆಯಲ್ಲಿ ಬೈಕು ಜಾರಿದವರು, ಕನ್ನಡದಲ್ಲಿ ನರಳುವವರು, ಮರಾಠಿಯಲ್ಲಿ ನರಳುವವರು, ಎಲ್ಲರೂ ಅವರ ಮುಂದಿನ ಖೋಲಿಯ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಗೋಡೆಯ ಆಚೆಯಿಂದ ಕೇಳುವ ಕೂಗಿನ ಮೇಲೆಯೇ ನಮ್ಮವ್ವ, ಇದು ಕೈ, ಇದು ಕಾಲು ಎಂದು ಹೇಳಿಬಿಡುತ್ತಿದ್ದಳು.

ನನಗೆ ಒಂಬತ್ತು ವರ್ಷ ಇದ್ದಾಗ ಆ ಬೆಂಚಿನ ಮೇಲೆ ನಾನೂ ಕೂತೆ. ಇಟ್ಟಿಗೆ ರಾಶಿ ಹತ್ತಬೇಡ ಎಂದು ಹೇಳಿದ್ದರು, ಅದಕ್ಕೇ ಹತ್ತಿದ್ದೆ. ಎಡಗೈ ಮೊಣಕೈಯ ಕೆಳಗೆ ಮುರಿದಿತ್ತು. ಚಾಚಾ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಅವರು ಯಾವಾಗಲೂ ಕಣ್ಣು ಮುಚ್ಚಿಯೇ ನೋಡುತ್ತಿದ್ದರು. ಬೆರಳ ತುದಿಗಳು ಚರ್ಮದ ಮೇಲೆ ಮೆಲ್ಲಗೆ ಸರಿದವು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಬೆರಳಿನಂತೆ. ಒಂದು ಕಡೆ ನಿಂತವು.

“ಮುಂಜಾನೆ ಏನ ತಿಂದಿ ಬೇಟಿ?”

“ಉಪ್ಪಿ...” ಎನ್ನುವಷ್ಟರಲ್ಲಿ ಎಳೆದುಬಿಟ್ಟಿದ್ದರು. ಒಳಗೆ ಏನೋ ಟಕ್ ಎಂದು ಕೂತುಕೊಂಡಿತು. ನಾನು ಕೂಗುವುದನ್ನೂ ಮರೆತೆ.

ಆಮೇಲೆ ಉದ್ದಿನ ಹಿಟ್ಟು, ತತ್ತಿಯ ಬಿಳಿ ಲೋಳೆ, ಬಿದಿರಿನ ಚಕ್ಕೆ, ಬಿಳಿ ಅರಿವೆ. ಕಟ್ಟಿಯಾದ ಮೇಲೆ ಔಷಧಿ. ಹಾಡಜೋಡ ಬಳ್ಳಿ ಎಂದು ಒಂದು ಬರುತ್ತದೆ, ನೋಡಲಿಕ್ಕೂ ಎಲುಬು ಜೋಡಿಸಿದ ಹಾಗೆ ಗೆಣ್ಣು ಗೆಣ್ಣಾಗಿ ಇರುತ್ತದೆ. ಅದನ್ನು ಒಣಗಿಸಿ ಕುಟ್ಟಿ ಬೆಲ್ಲದಲ್ಲಿ ಕಲಸಿದ ಉಂಡಿ. ಚಾಚಾ ನನ್ನ ಪಾಲಿನ ಉಂಡಿಯಿಂದ ಒಂದು ಚಿಟಿಕೆ ಮುರಿದು ಮೊದಲು ತಮ್ಮ ಬಾಯಿಗೆ ಹಾಕಿಕೊಂಡು, ನುಂಗಿ, ಆಮೇಲೆ ಉಳಿದದ್ದನ್ನು ನನಗೆ ಕೊಟ್ಟರು. ನನಗೆ ಸಿಟ್ಟು ಬಂತು. ಪೆಟ್ಟಾದದ್ದು ನನಗೆ, ಬೆಲ್ಲ ಅವರಿಗೆ!

“ಕೊಡಾಂವ ಮೊದಲ ತಿನ್ನಬೇಕವಾ” ಅಂದರು. “ನಮ್ಮ ಅಜ್ಜಾನ ಮಾತ ಐತಿ. ತಾ ತಿನ್ನಲಾರದ್ದ ಮಂದಿಗೆ ಕೊಡಬಾರ್ದು.”

ಮನೆಯಲ್ಲಿ ಉಂಡ ತಾಟನ್ನು ತೊಳೆದು ಆ ನೀರನ್ನೂ ಪ್ರಸಾದವೆಂದು ಕುಡಿಯುತ್ತಿದ್ದ ನಮ್ಮಪ್ಪನಿಗೆ ಈ ಮಾತು ಬಹಳ ಹಿಡಿಸಿತು. ದಾರಿಯಲ್ಲಿ ನನಗೆ ಅದರ ಮೇಲೊಂದು ಪ್ರವಚನವೇ ಆಯಿತು. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ...

ಆ ನಿಯಮವನ್ನು ಅವರು ಒಮ್ಮೆಯೂ ತಪ್ಪಿಸಿದ್ದನ್ನು ನಾನು ನೋಡಲಿಲ್ಲ. ಹೊಸಬರಿರಲಿ, ಪಟ್ಟಿ ಬಿಚ್ಚಿ ಕಟ್ಟಿಸಿಕೊಳ್ಳಲು ಬಂದ ಹಳಬರಿರಲಿ, ಪ್ರತಿಯೊಬ್ಬರ ಪಾಲಿನಿಂದಲೂ ಒಂದು ಚಿಟಿಕೆ ಮೊದಲು ಅವರ ಬಾಯಿಗೆ. ರಮಜಾನಿನಲ್ಲಿ ಹಗಲು ಎಲುಬು ಕಟ್ಟುತ್ತಿದ್ದರು, ಆದರೆ ಔಷಧಿ ಮಾತ್ರ ಸಂಜೆ ರೋಜಾ ಬಿಟ್ಟ ಮೇಲೆಯೇ. ತಾವು ತಿನ್ನದೆ ಕೊಡುವಂತಿಲ್ಲ, ಹಗಲು ತಾವು ತಿನ್ನುವಂತಿಲ್ಲ. ಪೆಟ್ಟು ತಿಂದವರೆಲ್ಲ ಮುಂದಿನ ಖೋಲಿಯಲ್ಲಿ ಅಜಾನ್ ಆಗುವುದನ್ನೇ ಕಾಯುತ್ತ ಕೂತಿರುತ್ತಿದ್ದರು. ಖಾನಾಪುರದಲ್ಲಿ ಯಾರಿಗೂ ಇದು ವಿಚಿತ್ರ ಅನಿಸುತ್ತಿರಲಿಲ್ಲ.

ನಾನು ಔಷಧಶಾಸ್ತ್ರ ಓದಿದೆ, ಬೆಳಗಾವಿಗೆ ಮದುವೆಯಾಗಿ ಬಂದೆ, ಅಂಗಡಿ ತೆರೆದೆ. ಖಾನಾಪುರಕ್ಕೆ ಹೋದಾಗಲೆಲ್ಲ ಗೋಡೆಯ ಆಚೆಯ ಮನೆಗೂ ಹೋಗುತ್ತಿದ್ದೆ. ಚಾಚಾ ನನ್ನ ಎಡಗೈಯನ್ನು ಒಮ್ಮೆ ಹಿಡಿದು, ಹಳೆಯ ಮುರಿದ ಜಾಗವನ್ನು ಬೆರಳಿನಿಂದ ಒತ್ತಿ, “ನಂದ ಕೆಲಸ ಚೊಲೋ ಐತಿ ನೋಡು” ಎನ್ನುತ್ತಿದ್ದರು. ನಲವತ್ತು ವರ್ಷದ ಹಿಂದಿನ ಕೂಡುವಿಕೆ ನನಗೇ ಗೊತ್ತಾಗುತ್ತಿರಲಿಲ್ಲ. ಅವರ ಬೆರಳು ಹೋಗಿ ಅಲ್ಲಿಯೇ ನಿಲ್ಲುತ್ತಿತ್ತು.

ಕೊರೊನಾ ಬಂತು. ಜಿಂಕ್ ಗುಳಿಗೆಗಾಗಿ ಜನ ನನ್ನ ಅಂಗಡಿಗೆ ಮುಗಿಬಿದ್ದರು. ಜಿಂಕ್ ಎಂದರೆ ಬೇರೆ ಏನಲ್ಲ, ಸತು. ಕೊರೊನಾ ಕಡಿಮೆಯಾದ ಮೇಲೆ ಅದೇ ಸತುವಿಗೆ ಮ್ಯಾಂಗನೀಸು, ಬೋರಾನು ಎಂದು ಇನ್ನೆರಡು ಸೇರಿಸಿ ಎಲುಬಿನ ಗುಳಿಗೆ ಎಂದು ಮಾರತೊಡಗಿದರು. ಕಂಪನಿಯವರು ಔಷಧಿ ಅಂಗಡಿಯವರನ್ನೆಲ್ಲ ಒಂದು ಹೋಟೆಲಿಗೆ ಕರೆದು, ಊಟ ಹಾಕಿ, ಪರದೆಯ ಮೇಲೆ ಎಲುಬಿನ ಚಿತ್ರ ತೋರಿಸಿದರು. ಎಲುಬಿಗೆ ಬರೀ ಕ್ಯಾಲ್ಸಿಯಂ ಸಾಲದು, ಈ ಖನಿಜಗಳೂ ಬೇಕು ಎಂದರು. ಸುಳ್ಳೇನಲ್ಲ. ಬೇಕು, ಆದರೆ ಚಿಟಿಕೆಯಷ್ಟು ಬೇಕು. ಅದೂ ಊಟದಲ್ಲಿ ಸಿಗದವರಿಗೆ ಬೇಕು. ಇದು ಕಾಲೇಜಿನಲ್ಲಿ ನಾನು ಓದಿದ್ದೇ. ಊಟ ಚೆನ್ನಾಗಿತ್ತು, ನಾನು ಮರೆತೆ.

ಆ ಡಬ್ಬಿಗಳನ್ನು ಜಾಸ್ತಿಯೇ ತರಿಸಿಬಿಟ್ಟಿದ್ದೆ. ಬೆಳಗಾವಿಯಲ್ಲಿ ಅವು ಮಾರಾಟವಾಗಲಿಲ್ಲ. ಆಗ ಚಾಚಾರ ನೆನಪಾಯಿತು. ಅವರಿಗೂ ಆ ಹೊತ್ತಿಗೆ ತೊಂದರೆ ಶುರುವಾಗಿತ್ತು. ಬಂದವರು ಬಳ್ಳಿಯ ಉಂಡಿಯನ್ನು ಕೈಯಲ್ಲಿ ಹಿಡಿದುಕೊಂಡು “ಗುಳಿಗಿ ಏನೂ ಇಲ್ಲೇನ್ರಿ?” ಎಂದು ಕೇಳುತ್ತಿದ್ದರು. ಹೊರಗೆ ಹೋಗಿ ಉಂಡಿಯನ್ನು ಗಟಾರಕ್ಕೆ ಎಸೆಯುತ್ತಿದ್ದರು. ಮಗಳು ಅದನ್ನು ನೋಡಿ ಅಪ್ಪನಿಗೆ ಹೇಳಿರಲಿಲ್ಲ, ನನಗೆ ಹೇಳಿದ್ದಳು. ತಾಯಿ ಇಲ್ಲದ ಆ ಹುಡುಗಿ ಪಟ್ಟಿಯ ಅರಿವೆ ಹರಿಯುತ್ತ, ಅಪ್ಪನಿಗೆ ನೀರಿನ ಲೋಟ ಹಿಡಿಯುತ್ತ ಆ ಖೋಲಿಯಲ್ಲೇ ದೊಡ್ಡವಳಾದವಳು.

ಹೀಗೆ ನಾನು ಮೊದಲ ಡಬ್ಬಿ ಒಯ್ದೆ. ಚಾಚಾರಿಗೆ ಒಳ್ಳೆಯದಾಗಲಿ ಎಂಬುದೂ ನಿಜ, ನನ್ನ ಅಂಗಡಿಯ ಹಲಗೆ ಖಾಲಿಯಾಗಲಿ ಎಂಬುದೂ ನಿಜ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂದು ಇವತ್ತಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ.

ಅವರು ಗುಳಿಗೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಬಿಳಿಯದು, ಸ್ವಲ್ಪ ದೊಡ್ಡದೇ.

“ಎಲುಬ ಲಗೂನ ಕೂಡತಾವು ಚಾಚಾ. ದಿನಾ ಒಂದ ಕೊಟ್ರ ಸಾಕು.”

“ತ್ರಾಸೇನ ಇಲ್ಲಲಾ?”

“ಏನೂ ಇಲ್ಲ. ಚಿಂತೀ ಬಿಡ್ರಿ.”

ಬೆಂಚಿನ ಮೇಲೆ ಗೋಡೆ ಕಟ್ಟುವಾಗ ಹೆಬ್ಬೆರಳು ಜಜ್ಜಿಕೊಂಡ ಒಬ್ಬ ಗೌಂಡಿ ಕೂತಿದ್ದ. ಚಾಚಾ ಡಬ್ಬಿಯಿಂದ ಎರಡು ಗುಳಿಗೆ ತೆಗೆದರು. ಬಿಸ್ಮಿಲ್ಲಾ ಎಂದು ಒಂದನ್ನು ತಾವು ನುಂಗಿ, ಇನ್ನೊಂದನ್ನು ಅವನಿಗೆ ಕೊಟ್ಟರು. ನಾನು ನಕ್ಕೆ. ಮುರಿದು ಒಂದು ಚೂರು ತಿಂದರೆ ಸಾಕಲ್ಲ ಎಂದೆ. “ಉಂಡಿ ಮುರದ್ರ ಉಂಡಿನ. ಗುಳಿಗಿ ಮುರದ ಕೊಟ್ರ ಎಂಜಲ ಕೊಟ್ಟಂಗ ಅಂತಾರ ಮಂದಿ” ಅಂದರು. ಅದೂ ಸರಿಯೆನ್ನಿಸಿತು. ಆ ದಿನ ಇನ್ನೂ ಏಳೆಂಟು ಮಂದಿ ಬೆಂಚಿನ ಮೇಲಿದ್ದರು. ನಾನು ಅವರನ್ನು ನೋಡಿದೆ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಆಮೇಲಿನ ಎರಡೂವರೆ ವರ್ಷ ಡಬ್ಬಿ ಮೇಲೆ ಡಬ್ಬಿ ಹೋದವು. ನಾನೇ ಒಯ್ಯುತ್ತಿದ್ದೆ, ಇಲ್ಲವೇ ಖಾನಾಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆ. ಒಂದು ರಮಜಾನಿನ ಸಂಜೆ ನಾನು ಅಲ್ಲಿಯೇ ಇದ್ದೆ. ಖರ್ಜೂರ ತಿಂದು, ನೀರು ಕುಡಿದು, ಚಾಚಾ ಮುಂದಿನ ಖೋಲಿಗೆ ಬಂದರು. ಸಾಲಿನಲ್ಲಿದ್ದ ಒಬ್ಬೊಬ್ಬರಿಗೂ ಒಂದೊಂದು ಗುಳಿಗೆ, ಅದಕ್ಕೂ ಮೊದಲು ತಮಗೊಂದು. ಮಗಳು ಲೋಟ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಆ ದಿನ ಅವರು ಊಟ ಮುಟ್ಟಲಿಲ್ಲ. “ಊಟ ಸೇರವಲ್ದು ಬೇಟಿ, ಹೊಟ್ಟಿ ತೊಳಸ್ತೈತಿ” ಅಂದರು. ಉಪವಾಸದ ಪಿತ್ತ ಎಂದೆ. ಅದಕ್ಕೂ ಒಂದು ಸಿರಪ್ ಕಳಿಸಿದೆ. ಔಷಧಿ ಅಂಗಡಿಯವಳಿಗೆ ಯಾವುದಕ್ಕೆ ಏನಿಲ್ಲ ಹೇಳಿ!

ಮೊದಲು ಕಾಲಿಗೆ ಬಂತು. ಹತ್ತಿಯ ಮೇಲೆ ನಡೆದಂತೆ ಆಗುತ್ತದೆ ಎನ್ನುತ್ತಿದ್ದರು. ಚಪ್ಪಲಿ ಕಾಲಿನಿಂದ ಜಾರಿಹೋದರೂ ಗೊತ್ತಾಗದೆ ಅಷ್ಟು ದೂರ ನಡೆದುಬಿಡುತ್ತಿದ್ದರು. ಮುಖ ಬಿಳಚಿಕೊಂಡಿತು. ಗೋಡೆ ಹಿಡಿದು ನಡೆಯುವಂತಾದಾಗ ಅವರನ್ನು ಬೆಳಗಾವಿಗೆ ಕರೆಸಿ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಮೊದಲು ಕೇಳಿದ್ದೇ ಅದು.

“ಅಜ್ಜಾರ, ಔಷಧ ಏನೇನ ತಗೋತೀರಿ?”

“ಏನೂ ಇಲ್ರಿ. ಬೀಪಿ ಇಲ್ಲ, ಸಕ್ಕರಿ ಇಲ್ಲ.”

ಚಾಚಾ ಸುಳ್ಳು ಹೇಳಲಿಲ್ಲ. ಅವರ ತಲೆಯಲ್ಲಿ ಅದು ಅವರ ಔಷಧಿಯೇ ಅಲ್ಲ, ಬಂದವರ ಔಷಧಿ. ಕೊಡುವವನು ಮುಟ್ಟಿ ತೋರಿಸುವುದು ಔಷಧಿ ತೆಗೆದುಕೊಂಡಂತೆ ಹೇಗಾದೀತು? ಆದರೆ ನನಗೆ ಏನಾಗಿತ್ತು? ಪಕ್ಕದಲ್ಲಿ ಕೂತ ನಾನು, ಔಷಧಶಾಸ್ತ್ರ ಓದಿದ ನಾನು, ಅಭಿಮಾನದಿಂದ ಹೇಳಿದೆ: “ಖರೇ ಐತ್ರಿ ಡಾಕ್ಟರ. ಒಂದ ಗುಳಿಗಿ ಸುದ್ದಾ ತಗೊಳ್ಳಾಂಗಿಲ್ಲ ಇವ್ರು.” ನನ್ನ ಕಣ್ಣೆದುರಿಗೇ ಎಷ್ಟು ಸಲ ನುಂಗಿದ್ದರು... ಪೂಜೆಯಲ್ಲಿ ತೀರ್ಥ ತೆಗೆದುಕೊಂಡಿದ್ದನ್ನು ನೀರು ಕುಡಿದೆ ಎಂದು ಯಾರೂ ಎಣಿಸುವುದಿಲ್ಲವಲ್ಲ, ಹಾಗೆ ನಾನೂ ಎಣಿಸಿರಲಿಲ್ಲ.

ನರದ ದೌರ್ಬಲ್ಯ ಇರಬೇಕೆಂದು ಸೂಜಿ ಬರೆದರು. ಡಾಕ್ಟರದು ತಪ್ಪಲ್ಲ, ಕೇಳಿದ್ದಕ್ಕೆ ನಾವು ಕೊಟ್ಟ ಉತ್ತರದ ಮೇಲೆ ಬರೆದದ್ದು. ಚಾಚಾ ವಾಪಸು ಹೋದರು, ಸೂಜಿ ಹಾಕಿಸಿಕೊಂಡರು, ಬೆಂಚಿನ ಮೇಲಿನವರಿಗೆ ಕಟ್ಟುತ್ತಲೂ ಇದ್ದರು. ಕಟ್ಟುತ್ತಿದ್ದರು ಎಂದರೆ ಗುಳಿಗೆಯನ್ನೂ ನುಂಗುತ್ತಿದ್ದರು.

ಆ ದಿನಗಳಲ್ಲೇ ಹತ್ತಿರದ ಹಲಸಿ ಊರಿನಿಂದ ಒಬ್ಬ ಹೆಣ್ಣುಮಗಳು ತನ್ನ ಮಗಳನ್ನು ಕರೆತಂದಳು. ಹುಡುಗಿಗೆ ಏಳು ವರ್ಷ, ಬಲ ಮಣಿಕಟ್ಟು ಮುರಿದಿತ್ತು. ಚಾಚಾ ಕಣ್ಣು ಮುಚ್ಚಿ ನೋಡಿದರು, ಎಳೆದರು, ಕಟ್ಟಿದರು. ಒಂದು ತಿಂಗಳಿಗೆ ಪಟ್ಟಿ ಬಿಚ್ಚಿದಾಗ ನಾನು ಖಾನಾಪುರದಲ್ಲೇ ಇದ್ದೆ, ಆ ಖೋಲಿಯಲ್ಲೇ ನಿಂತಿದ್ದೆ. ಹುಡುಗಿಯ ಕೈ ಚಮಚದ ಕುತ್ತಿಗೆಯ ಹಾಗೆ ಮಣಿದು ಕೂತಿತ್ತು.

ಚಾಚಾ ಅದರ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಆಮೇಲೆ ಕಣ್ಣು ತೆರೆದರು. ಅವರು ಕಣ್ಣು ತೆರೆದು ಎಲುಬು ನೋಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಡೊಂಕು ಅವರ ಕಣ್ಣಿಗೆ ಕಂಡಿತು. ಕೈಗೆ ಕಂಡಿರಲಿಲ್ಲ.

ತಮ್ಮ ಬೆರಳುಗಳನ್ನು ಮುಖದ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಒಂದೊಂದನ್ನೇ ಉಜ್ಜಿದರು. ಎಷ್ಟು ದಿನದಿಂದ ಹೀಗಿತ್ತೋ, ಯಾರಿಗೂ ಹೇಳಿರಲಿಲ್ಲ. ತಾಯಿಯ ಕಡೆ ತಿರುಗಿ, “ನಂದ ತಪ್ಪ ಐತ್ರಿ ಬಾಯಿ. ಬೆಳಗಾಂವಿಗೆ ಒಯ್ರಿ” ಅಂದರು. ಇಷ್ಟನ್ನೇ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿದರು, ಅವಳಿಗೆ ತಿಳಿಯಲಿಲ್ಲವೇನೋ ಎಂದು.

ಆ ತಾಯಿ ಮಗಳನ್ನು ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಎಕ್ಸ್‌ರೇ ತೆಗೆಸಲು ನಾನು ಕರೆದುಕೊಂಡು ಹೋದೆ. ಕೂಡಿದ್ದನ್ನು ಮತ್ತೆ ಮುರಿದು ಕೂಡಿಸಬೇಕು ಎಂದರು. ಆ ಹುಡುಗಿ ಹೊರಗಿನ ಮೆಟ್ಟಿಲ ಮೇಲೆ ಕೂತು ಎಡಗೈಯಲ್ಲಿ ಬಿಸ್ಕೀಟು ತಿನ್ನುತ್ತಿದ್ದಳು. ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ, ಅವಳ ತಾಯಿಗೆ ಬಿಟ್ಟೆ.

ಅವತ್ತೇ ಚಾಚಾ ಮುಂದಿನ ಖೋಲಿಯ ಬಾಗಿಲು ಹಾಕಿದರು. ಮೂರು ತಲೆಮಾರಿನಲ್ಲಿ ಹಗಲು ಹೊತ್ತು ಮುಚ್ಚದ ಬಾಗಿಲು.

ಮತ್ತೆ ಆಸ್ಪತ್ರೆಗೆ ಹೋದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ಈ ಸಲ ಮಗಳೂ ಬಂದಿದ್ದಳು. ಡಾಕ್ಟರಮ್ಮ ಪ್ರಶ್ನೆಯನ್ನೇ ಬೇರೆ ಮಾಡಿ ಕೇಳಿದಳು. “ಮುಂಜಾನಿಂದ ಸಂಜೀತನಕಾ ಬಾಯಾಗ ಏನೇನ ಹಾಕೋತಾರ, ಎಲ್ಲಾ ಹೇಳ್ರಿ.” ಮಗಳು ಹೇಳುತ್ತ ಹೋದಳು. ಚಹಾ. ಒಂದು ಭಕ್ಕರಿ, ಅದೂ ಅರ್ಧ ಬಿಡುತ್ತಾರೆ. ಮಧ್ಯಾಹ್ನ ಅನ್ನ. “ಮತ್ತ ಮಂದಿಗಿ ಗುಳಿಗಿ ಕೊಡೂಮುಂದ ತಾವೊಂದ ನುಂಗತಿದ್ರು.”

ಬರೆಯುತ್ತಿದ್ದ ಡಾಕ್ಟರಮ್ಮನ ಪೆನ್ನು ನಿಂತಿತು. “ಯಾವ ಗುಳಿಗಿ? ದಿನಾ ಎಷ್ಟ ಮಂದಿ ಬರ್ತಿದ್ರು?”

ಮಗಳು ಬೆರಳು ಮಡಚಿ ಎಣಿಸಿದಳು. ದಿನಕ್ಕೆ ಹತ್ತು ಹಿಡಿಯಿರಿ ಅಂದಳು. ಹತ್ತು! ಯಾರಿಗೂ ಒಂದರ ಮೇಲೆ ಕೊಡಬಾರದ ಗುಳಿಗೆ, ಎರಡೂವರೆ ವರ್ಷ. ಗುಳಿಗೆ ಯಾವುದು ಎಂದು ಹೇಳಬೇಕಾದವಳು ನಾನು. ಹೇಳಿದೆ. ತಂದದ್ದು ಯಾರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಕ್ತ ಪರೀಕ್ಷೆ ಬಂದ ಮೇಲೆ ಡಾಕ್ಟರಮ್ಮ ತಿಳಿಸಿ ಹೇಳಿದಳು. ಸತು ಮೈಗೆ ವಿಪರೀತವಾದರೆ ಕರುಳು ತಾಮ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಾಮ್ರ ಎಂದರೆ ನಾವು ತಂಬಿಗೆಯಷ್ಟೇ ಎಂದುಕೊಂಡಿದ್ದೇವೆ. ಅದೂ ದೇಹಕ್ಕೆ ಚಿಟಿಕೆಯಷ್ಟು ಬೇಕು. ಅದಿಲ್ಲದೆ ರಕ್ತವಾಗುವುದಿಲ್ಲ, ನರ ಉಳಿಯುವುದಿಲ್ಲ, ಎಲುಬಿಗೆ ಕಸುವು ಇರುವುದಿಲ್ಲ. ಚಾಚಾರ ಮೈಯಲ್ಲಿ ತಾಮ್ರ ಇಲ್ಲವೇ ಇಲ್ಲ ಎನ್ನುವಷ್ಟು ಇಳಿದಿತ್ತು. ಎಲುಬುಗಳು ಬೆಂಡಾಗಿದ್ದವು. ಎಲುಬು ಗಟ್ಟಿಯಾಗಲಿ ಎಂದು ನಾನು ಕೊಟ್ಟ ಗುಳಿಗೆ, ಊರಿನ ಎಲುಬು ಕೂಡಿಸುವವರ ಎಲುಬನ್ನೇ ತಿಂದಿತ್ತು.

“ಸತು ಬಂದ್ ಮಾಡೂಣು, ತಾಮ್ರ ಕೊಡೂಣು. ರಕ್ತ ಸುಧಾರಸ್ತೈತಿ” ಅಂದಳು.

“ಕೈ?” ಎಂದು ಕೇಳಿದವರು ಚಾಚಾ. ಕಾಲಿನ ಬಗ್ಗೆ ಕೇಳಲಿಲ್ಲ, ಜೀವದ ಬಗ್ಗೆಯೂ ಕೇಳಲಿಲ್ಲ.

ಡಾಕ್ಟರಮ್ಮ ಕಾಗದ ನೋಡಿದಳು. ಹೋದ ನರ ಬರುವುದು ಕಷ್ಟ ಅಜ್ಜಾರೆ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂಬ ಅರ್ಥದ ಮಾತು ಹೇಳಿದಳು. ಚಾಚಾ ತಲೆಯಾಡಿಸಿದರು. ದಾರಿಯುದ್ದಕ್ಕೂ ಹೆಬ್ಬೆರಳಿನಿಂದ ಬೆರಳ ತುದಿಗಳನ್ನು ಉಜ್ಜುತ್ತಲೇ ಇದ್ದರು.

ನಾನು ಹದಿನೈದು ದಿನ ಖಾನಾಪುರಕ್ಕೆ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಇತ್ತು ಎಂದು ಹೇಳಿದರೆ ಅದು ಸುಳ್ಳು. ಕೊನೆಗೆ ಒಂದು ಮಧ್ಯಾಹ್ನ ಹೋದೆ. ಬಾಗಿಲು ಹಾಕಿದ ಆ ಖೋಲಿಯಲ್ಲಿ, ರೋಗಿಗಳ ಬೆಂಚಿನ ಮೇಲೆ, ಗೋಡೆಗೆ ಒರಗಿ ಅವರು ಕೂತಿದ್ದರು. ನಾನು ನಿಂತೇ ಹೇಳಿದೆ. “ಚಾಚಾ, ಆ ಗುಳಿಗಿ ತಂದಾಕಿ ನಾನು. ತ್ರಾಸಿಲ್ಲ ಅಂದಾಕೀನೂ ನಾನ.” ಅಳಬಾರದು ಎಂದುಕೊಂಡು ಹೋಗಿದ್ದೆ, ಅತ್ತೆ.

ಅವರು ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು.

“ನನಗ ಕೊಡೂ ಮೊದಲ, ನೀ ಒಂದರೆ ತಿಂದ ನೋಡಿದ್ಯೇನ ಬೇಟಿ?”

ಸಿಟ್ಟಿನಿಂದ ಕೇಳಲಿಲ್ಲ. ಕುಟುಕಬೇಕೆಂದೂ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದರು. ಅಷ್ಟು ವರ್ಷ ಅವರು ಹಾಗೆಂದೇ ನಂಬಿದ್ದರೇನೋ... ಈ ಮನೆಯ ಉಂಡಿ ತಿಂದು ಕೈ ಕೂಡಿಸಿಕೊಂಡ ಹುಡುಗಿ, ಕೊಡುವ ಮೊದಲು ತಾನು ತಿಂದೇ ತಂದಿರುತ್ತಾಳೆ ಎಂದು.

“ಇಲ್ಲ ಚಾಚಾ” ಅಂದೆ.

“ಹಂ” ಅಂದರು. ಮಗಳನ್ನು ಕರೆದು ನನಗೆ ಚಹಾ ಮಾಡಲು ಹೇಳಿದರು. ಆಮೇಲೆ ಆ ಮಾತನ್ನು ಅವರು ಎಂದೂ ಎತ್ತಲಿಲ್ಲ. ಎತ್ತಿ ನನ್ನನ್ನು ನಾಲ್ಕು ಮಾತು ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ರಕ್ತ ಸ್ವಲ್ಪ ಸುಧಾರಿಸಿತು. ಡಾಕ್ಟರಮ್ಮ ಹೇಳಿದ ಹಾಗೆಯೇ ಕೈ ಸುಧಾರಿಸಲಿಲ್ಲ. ಹೋದ ವರ್ಷ ಮಳೆಗಾಲದ ಆರಂಭದಲ್ಲಿ ಒಂದು ಮಧ್ಯಾಹ್ನ, ನಮಾಜಿಗೆ ಕಾಲು ತೊಳೆಯುವಾಗ, ನೆಲದ ಮೇಲೆ ಕಾಲು ಊರಿದೆಯೋ ಇಲ್ಲವೋ ತಿಳಿಯದೆ ಜಾರಿದರು. ಜೋರಾಗಿ ಬಿದ್ದದ್ದೂ ಅಲ್ಲ, ಕೂತ ಹಾಗೆ ಬಿದ್ದರು. ಸೊಂಟದ ಕೆಳಗೆ ತೊಡೆಯ ಎಲುಬು ಮುರಿಯಿತು.

ಬೆಳಗಾವಿಯ ಆಸ್ಪತ್ರೆಗೆ ತಂದಾಗ ನಾನು ಓಡಿಹೋದೆ. ಸ್ಟ್ರೆಚರಿನ ಮೇಲೆ ಮಲಗಿದ್ದರು. ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಎಂದುಕೊಂಡೆ. ಹತ್ತಿರ ಹೋದರೆ ಬಲಗೈ ತೊಡೆಯ ಮೇಲೆ ಸರಿದಾಡುತ್ತಿತ್ತು, ಬೆರಳ ತುದಿಗಳು ಮೆಲ್ಲಗೆ, ಮೇಲಿನಿಂದ ಕೆಳಗೆ, ಮತ್ತೆ ಮೇಲೆ. ತಮ್ಮ ಎಲುಬನ್ನು ತಾವೇ ನೋಡಿಕೊಳ್ಳುತ್ತಿದ್ದರು.

“ಎಲ್ಲಿ ಮುರದೈತಿ, ಗೊತ್ತಾಗವಲ್ದು ಬೇಟಿ” ಅಂದರು.

ನಾನು ಅವರ ಕೈ ಹಿಡಿದು ಮುರಿದ ಜಾಗದ ಮೇಲೆ ಇಟ್ಟೆ. ಇಲ್ಲಿ ಚಾಚಾ, ಎಂದೆ. ಅವರು ಹೌದೆನ್ನುವಂತೆ ತಲೆಯಾಡಿಸಿದರು. ನನ್ನ ಸಮಾಧಾನಕ್ಕೆ ಆಡಿಸಿದ್ದು ಎಂದು ನನಗೆ ಗೊತ್ತಾಯಿತು.

ಬೆಂಡಾದ ಎಲುಬಿನಲ್ಲಿ ಮೊಳೆ ನಿಲ್ಲಲಿಲ್ಲ. ಎದೆಗೆ ಸೋಂಕು ತಗಲಿತು. ಮೂರು ವಾರ ಇದ್ದರು, ಅಷ್ಟೇ. ಖಾನಾಪುರಕ್ಕೆ ಒಯ್ದಾಗ ಅವರು ಕೂಡಿಸಿದ ಕೈಕಾಲುಗಳೆಲ್ಲ ಆ ಓಣಿಯಲ್ಲಿ ಸೇರಿದ್ದವು. ಹೆಗಲು ಕೊಟ್ಟವರಲ್ಲಿ ಎಷ್ಟೋ ಹೆಗಲು ಅವರೇ ಕಟ್ಟಿ ನಿಲ್ಲಿಸಿದವು. ಹಲಸಿಯ ಆ ಹೆಣ್ಣುಮಗಳೂ ಬಂದಿದ್ದಳು. ಹುಡುಗಿಯ ಕೈ ನೆಟ್ಟಗಾಗಿತ್ತು. ಚಾಚಾರಿಗೆ ಅದನ್ನು ತೋರಿಸಬೇಕಿತ್ತು...

ಹೋದ ಸೋಮವಾರಕ್ಕೆ ಮರಳುತ್ತೇನೆ. ಸೋಮವಾರ ನನ್ನ ಒಪ್ಪತ್ತು, ಸಂಜೆ ಪೂಜೆಯಾಗುವತನಕ ಏನೂ ತಿನ್ನುವುದಿಲ್ಲ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಡಬ್ಬಿ ಮುಂದಿತ್ತು. ಅವಧಿ ಮುಗಿದ ಮಾಲು, ಕಸಕ್ಕೆ ಹಾಕಬೇಕು. ನಾನು ಅದರಿಂದ ಒಂದನ್ನು ತೆಗೆದು ನೀರಿನ ಜೊತೆ ನುಂಗಿದೆ. ನುಂಗದೆ ಆ ಡಬ್ಬಿಯನ್ನು ಎಸೆಯಲು ಕೈ ಬರಲಿಲ್ಲ, ಅಷ್ಟೇ.

ಅರ್ಧ ತಾಸಾಗಿರಲಿಲ್ಲ, ಹೊಟ್ಟೆ ತೊಳಸತೊಡಗಿತು. ಬಾಯಿ ತುಂಬ ಆ ಕೀಲಿಕೈಯ ರುಚಿ, ಮೈಯೆಲ್ಲ ಬೆವರು. ಅಂಗಡಿಯ ಹಿಂದಿನ ಮೋರಿಯ ಹತ್ತಿರ ಕುಕ್ಕರಿಸಿ ಕೂತು ಕಾರಿಕೊಂಡೆ. ಒಂದೇ ಒಂದು ಗುಳಿಗೆ. ಹಸಿದ ಹೊಟ್ಟೆಯಲ್ಲಿ ರೋಜಾ ಬಿಟ್ಟು ಸಾಲಾಗಿ ನುಂಗಿದವರು “ಊಟ ಸೇರವಲ್ದು ಬೇಟಿ” ಅಂದಾಗ ನಾನು ಪಿತ್ತಕ್ಕೆ ಸಿರಪ್ ಕಳಿಸಿದ್ದೆ. ಮೊದಲ ಡಬ್ಬಿಯ ಮೊದಲ ಗುಳಿಗೆಯನ್ನು ನಾನು ನುಂಗಿದ್ದರೆ ಅದು ಅವತ್ತೇ ನನಗೆ ಗೊತ್ತಾಗುತ್ತಿತ್ತು. ಚಾಚಾರ ಅಜ್ಜನಿಗೆ ಅದು ಗೊತ್ತಿತ್ತು.

ಬಾಯಿ ತೊಳೆದುಕೊಂಡು ಒಳಗೆ ಬಂದೆ. ಮುಚ್ಚಳ ಹಾಕುವ ಮೊದಲು ಡಬ್ಬಿಯೊಳಗೆ ನೋಡಿದೆ. ಹತ್ತು ಉಳಿದಿದ್ದವು. ಚಾಚಾರ ಒಂದು ದಿನದ ಪಾಲು.